ಔಷಧಕ್ಕೆ ಬಗ್ಗದ ಕ್ಷಯ: ರೋಗಾಣುಗಳ ಲೆಕ್ಕ, ಚಿಕಿತ್ಸೆಯ ಲೆಕ್ಕ

ಕಫ ಪರೀಕ್ಷೆಯ ವರದಿಯಲ್ಲಿ ಕ್ಷಯದ ರೋಗಾಣು ಇದೆ ಎಂಬ ಸಾಲಿನ ಕೆಳಗೆ ‘ರಿಫಾಂಪಿಸಿನ್ ನಿರೋಧಕತೆ ಕಂಡುಬಂದಿದೆ’ ಎಂಬ ಇನ್ನೊಂದು ಸಾಲು ಇದ್ದರೆ, ಆ ಮನೆಯವರ ಮುಂದಿನ ತಿಂಗಳುಗಳ ದಾರಿಯೇ ಬೇರೆಯಾಗುತ್ತದೆ. ಮಾತ್ರೆಗಳು ಬದಲಾಗುತ್ತವೆ, ಪರೀಕ್ಷೆಗಳು ಹೆಚ್ಚುತ್ತವೆ, ವೈದ್ಯರ ಮಾತಿನಲ್ಲಿ ಎಂಡಿಆರ್, ಪ್ರಿ-ಎಕ್ಸ್‌ಡಿಆರ್ ಎಂಬ ಪದಗಳು ಕೇಳಿಬರತೊಡಗುತ್ತವೆ. ಅದುವರೆಗೆ ಕ್ಷಯದ ಒಂದು ಮಾತ್ರೆಯನ್ನೂ ನುಂಗದವರಿಗೆ ಇಂಥ ವರದಿ ಬರುವುದುಂಟು. ಔಷಧವನ್ನೇ ತೆಗೆದುಕೊಳ್ಳದವರಿಗೆ ಔಷಧ ನಾಟದಿರುವುದು ಹೇಗೆ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಕಾಣಿಸಿಕೊಂಡಿತು, ಹನ್ನೆರಡೂವರೆ ಲಕ್ಷ ಜನ ಅದರಿಂದ ತೀರಿಕೊಂಡರು. ಕಾಯಿಲೆ ಬಿದ್ದವರಲ್ಲಿ ಸುಮಾರು 4 ಲಕ್ಷ ಮಂದಿಯ ರೋಗಾಣು ಪ್ರಮುಖ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಬಗೆಯದಾಗಿತ್ತು. ಒಟ್ಟು ಸಂಖ್ಯೆಯ ಮುಂದೆ ಇದು ಸಣ್ಣದೆನಿಸಬಹುದು. ಆದರೆ ಆ 4 ಲಕ್ಷದಲ್ಲಿ ತಕ್ಕ ಚಿಕಿತ್ಸೆಗೆ ಸೇರಿದವರು ಅರ್ಧಕ್ಕಿಂತಲೂ ಕಡಿಮೆ. ಉಳಿದವರಲ್ಲಿ ಅನೇಕರಿಗೆ ತಮ್ಮೊಳಗಿರುವುದು ಯಾವ ಬಗೆಯ ರೋಗಾಣು ಎಂಬುದೇ ಗೊತ್ತಾಗಿರುವುದಿಲ್ಲ.

ಬದಲಾಗುವುದು ಮೈಯಲ್ಲ, ರೋಗಾಣು

‘ಮೈ ಔಷಧಕ್ಕೆ ಒಗ್ಗಿಹೋಗಿದೆ, ಅದಕ್ಕೇ ಕೆಲಸ ಮಾಡುತ್ತಿಲ್ಲ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಸರಿಪಡಿಸಿಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ. ಔಷಧ ನಿರೋಧಕತೆ ಎಂಬುದು ರೋಗಿಯ ಗುಣವಲ್ಲ, ರೋಗಿಯೊಳಗಿನ ರೋಗಾಣುವಿನ ಗುಣ. ರೋಗಿಯ ಹೊಟ್ಟೆ ಮಾತ್ರೆಯನ್ನು ಎಂದಿನಂತೆಯೇ ಕರಗಿಸುತ್ತದೆ, ರಕ್ತ ಅದನ್ನು ಶ್ವಾಸಕೋಶಕ್ಕೆ ಒಯ್ಯುತ್ತದೆ. ಅಲ್ಲಿ ಎದುರಾಗುವ ಬ್ಯಾಕ್ಟೀರಿಯಾ ಮಾತ್ರ ಅದರಿಂದ ಸಾಯುವುದಿಲ್ಲ. ಗುಣ ರೋಗಾಣುವಿನದಾದ್ದರಿಂದಲೇ ಅದು ಕೆಮ್ಮಿನ ಗಾಳಿಯ ಜೊತೆ ಇನ್ನೊಬ್ಬರ ಶ್ವಾಸಕೋಶಕ್ಕೂ ಹಾಗೆಯೇ ದಾಟಬಲ್ಲದು. ಔಷಧವನ್ನೇ ಮುಟ್ಟದವರಿಗೆ ನಿರೋಧಕ ಕ್ಷಯ ಬರುವ ಬಗೆ ಇದು.

1948ರಲ್ಲಿ ಕಂಡದ್ದು

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ ಸಂಗತಿಯನ್ನು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲಬಲ್ಲ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಅವರ ಕೈಗೆ ಸಿಕ್ಕಿದ್ದು 1943ರಲ್ಲಿ. ನಡುವಿನ 60 ವರ್ಷ ಗಾಳಿ, ಬಿಸಿಲು, ವಿಶ್ರಾಂತಿ, ಪೌಷ್ಟಿಕ ಆಹಾರಗಳನ್ನು ಬಿಟ್ಟರೆ ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ.

ಹೊಸ ಔಷಧವನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪರೀಕ್ಷೆಗೊಡ್ಡಿ 1948ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಇಂದಿಗೂ ಕ್ಷಯದ ಪಾಠದಲ್ಲಿ ಮೊದಲು ಹೇಳುತ್ತಾರೆ. 55 ರೋಗಿಗಳಿಗೆ ವಿಶ್ರಾಂತಿಯ ಜೊತೆ ಸ್ಟ್ರೆಪ್ಟೊಮೈಸಿನ್ ಕೊಡಲಾಯಿತು, 52 ರೋಗಿಗಳಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳ ಕೊನೆಗೆ ಔಷಧ ಪಡೆದವರಲ್ಲಿ 4 ಮಂದಿ, ಪಡೆಯದವರಲ್ಲಿ 14 ಮಂದಿ ತೀರಿಕೊಂಡಿದ್ದರು. ಗೆಲುವು ಸ್ಪಷ್ಟವಾಗಿತ್ತು. ಆದರೆ ಅದೇ ರೋಗಿಗಳನ್ನು ಐದು ವರ್ಷಗಳವರೆಗೆ ಗಮನಿಸಿದಾಗ ಮೊದಲ ಗುಂಪಿನಲ್ಲಿ 32 ಮಂದಿ, ಎರಡನೆಯ ಗುಂಪಿನಲ್ಲಿ 35 ಮಂದಿ ಸತ್ತಿದ್ದರು. ಮೊದಲ ತಿಂಗಳುಗಳಲ್ಲಿ ಜ್ವರ ಇಳಿದು, ತೂಕ ಏರಿ, ಮನೆಗೆ ಹೋಗುವ ಆಸೆ ಹುಟ್ಟಿದವರಲ್ಲಿ ಹಲವರು ಮತ್ತೆ ಹಾಸಿಗೆ ಹಿಡಿದರು. ಅವರ ಕಫದಲ್ಲಿದ್ದ ರೋಗಾಣುವಿನ ಮೇಲೆ ಸ್ಟ್ರೆಪ್ಟೊಮೈಸಿನ್ ಸುರಿದರೂ ಅದು ಸಾಯುತ್ತಿರಲಿಲ್ಲ. ಔಷಧ ಕೆಟ್ಟಿರಲಿಲ್ಲ, ರೋಗಿಗಳು ತಪ್ಪು ಮಾಡಿರಲಿಲ್ಲ, ಕೊಟ್ಟವರೂ ಅಜಾಗರೂಕರಾಗಿರಲಿಲ್ಲ. ಒಂದೇ ಔಷಧವನ್ನು ಕೊಟ್ಟದ್ದರಲ್ಲಿಯೇ ತೊಡಕಿತ್ತು.

ಲಕ್ಷ ಮತ್ತು ಕೋಟಿಗಳ ಲೆಕ್ಕ

ಬ್ಯಾಕ್ಟೀರಿಯಾ ಎರಡಾಗಿ ಒಡೆಯುವ ಮುನ್ನ ತನ್ನ ವಂಶವಾಹಿಯ ಪೂರ್ತಿ ಬರಹವನ್ನು ನಕಲು ಮಾಡಿಕೊಳ್ಳಬೇಕು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಈ ಬರಹ ಸುಮಾರು 44 ಲಕ್ಷ ಅಕ್ಷರಗಳಷ್ಟು ಉದ್ದ. ಎಷ್ಟೇ ಎಚ್ಚರದಿಂದ ನಕಲು ಮಾಡಿದರೂ ಎಲ್ಲೋ ಒಮ್ಮೆ ಒಂದಕ್ಷರ ತಪ್ಪುತ್ತದೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಕೆಲವು ಅದನ್ನೇ ಕೊಲ್ಲುತ್ತವೆ. ತೀರ ಅಪರೂಪಕ್ಕೆ ಒಂದು ತಪ್ಪು, ಯಾವುದೋ ಒಂದು ಔಷಧ ಬಂದು ಹಿಡಿಯಬೇಕಾದ ಜಾಗವನ್ನೇ ಬದಲಿಸಿಬಿಡುತ್ತದೆ. ಔಷಧವನ್ನು ಕಂಡು ಬ್ಯಾಕ್ಟೀರಿಯಾ ಇದನ್ನು ಕಲಿಯುವುದಲ್ಲ. ಔಷಧ ಬರುವ ಮೊದಲೇ, ಆಕಸ್ಮಿಕವಾಗಿ, ಇದು ನಡೆದಿರುತ್ತದೆ.

ಎಷ್ಟು ಅಪರೂಪ ಎಂಬುದಕ್ಕೆ ಸ್ಥೂಲವಾದ ಲೆಕ್ಕವಿದೆ. ಐಸೋನಿಯಾಜಿಡ್ ಎಂಬ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸುಮಾರು 10 ಲಕ್ಷಕ್ಕೆ ಒಂದು ಇರುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ಇನ್ನು, ಕ್ಷಯದಿಂದ ಶ್ವಾಸಕೋಶದಲ್ಲಿ ಪೊಳ್ಳು ಬಿದ್ದಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆ 100 ಕೋಟಿಯ ಹತ್ತಿರ ಹೋಗಬಲ್ಲದು. ಭಾಗಿಸಿ ನೋಡಿದರೆ, ಮೊದಲ ಮಾತ್ರೆ ನುಂಗುವ ಮೊದಲೇ ಅಲ್ಲಿ ಐಸೋನಿಯಾಜಿಡ್‌ಗೆ ಬಗ್ಗದ ಸಾವಿರದಷ್ಟು, ರಿಫಾಂಪಿಸಿನ್‌ಗೆ ಬಗ್ಗದ ಹತ್ತರಷ್ಟು ಬ್ಯಾಕ್ಟೀರಿಯಾಗಳಿವೆ.

ಔಷಧವನ್ನು ಒಂದು ಜರಡಿ ಎಂದುಕೊಳ್ಳೋಣ. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ 100 ಕೋಟಿಯಲ್ಲಿ ಬಹುಪಾಲು ಜರಡಿಯಲ್ಲಿ ಸಿಕ್ಕಿ ಸಾಯುತ್ತವೆ, ರೋಗಿಗೆ ಹಾಯೆನಿಸುತ್ತದೆ. ಕೆಳಗೆ ಉದುರಿದ ಸಾವಿರ ಮಾತ್ರ ಬದುಕಿ, ಪೈಪೋಟಿಯಿಲ್ಲದ ಜಾಗದಲ್ಲಿ ತಮ್ಮಂಥವನ್ನೇ ಹೆಚ್ಚಿಸಿಕೊಂಡು, ಕೆಲವು ತಿಂಗಳಲ್ಲಿ ಮತ್ತೆ ಕೋಟಿಗಟ್ಟಲೆ ಆಗುತ್ತವೆ. ಈ ಸಲ ಎಲ್ಲವೂ ನಿರೋಧಕ. 1948ರಲ್ಲಿ ನಡೆದದ್ದು ಇದೇ.

ಎರಡು ಜರಡಿಗಳನ್ನು ಒಂದರ ಕೆಳಗೊಂದು ಹಿಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡೂ ತಪ್ಪುಗಳು ಒಂದೇ ಬ್ಯಾಕ್ಟೀರಿಯಾದಲ್ಲಿ ಆಕಸ್ಮಿಕವಾಗಿ ಕೂಡಿಬರುವ ಸಾಧ್ಯತೆಯನ್ನು ತಿಳಿಯಲು ಆ ಎರಡು ಸಂಖ್ಯೆಗಳನ್ನು ಗುಣಿಸಬೇಕು: 10 ಲಕ್ಷವನ್ನು 10 ಕೋಟಿಯಿಂದ ಗುಣಿಸಿದರೆ ಒಂದು ಕೋಟಿ ಕೋಟಿ, ಅಂದರೆ ಒಂದರ ಮುಂದೆ 14 ಸೊನ್ನೆ. ಅಷ್ಟು ಬ್ಯಾಕ್ಟೀರಿಯಾಗಳು ಯಾವ ಶ್ವಾಸಕೋಶದಲ್ಲಿಯೂ ಇರುವುದಿಲ್ಲ. ಕ್ಷಯಕ್ಕೆ ಯಾವಾಗಲೂ ಹಲವು ಔಷಧಗಳನ್ನು ಒಟ್ಟಿಗೇ ಕೊಡುವ ಪದ್ಧತಿ ನಿಂತಿರುವುದು ಈ ಒಂದು ಗುಣಾಕಾರದ ಮೇಲೆ. ಸ್ಟ್ರೆಪ್ಟೊಮೈಸಿನ್ ಜೊತೆ ಪಿಎಎಸ್ ಎಂಬ ಎರಡನೆಯ ಔಷಧವನ್ನು ಸೇರಿಸಿ ಬ್ರಿಟನ್ನಿನ ಅದೇ ಮಂಡಳಿ 1950ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನಿರೋಧಕತೆ ಬಹಳ ಇಳಿದಿತ್ತು. 1952ರಲ್ಲಿ ಐಸೋನಿಯಾಜಿಡ್, 1960ರ ದಶಕದ ಕೊನೆಯಲ್ಲಿ ರಿಫಾಂಪಿಸಿನ್ ಬಂದ ಮೇಲೆ ಕ್ಷಯ ಪೂರ್ತಿ ವಾಸಿಯಾಗುವ ಕಾಯಿಲೆಯಾಯಿತು.

ಇದೇ ಲೆಕ್ಕದಿಂದ ಹೊರಡುವ ಇನ್ನೊಂದು ನಿಯಮ ಅಷ್ಟಾಗಿ ಜನರಿಗೆ ತಿಳಿದಿಲ್ಲ. ನಡೆಯುತ್ತಿರುವ ಚಿಕಿತ್ಸೆ ಫಲ ಕೊಡುತ್ತಿಲ್ಲ ಎಂದಾಗ ಇರುವ ಔಷಧಗಳಿಗೆ ಹೊಸದೊಂದನ್ನು ಮಾತ್ರ ಸೇರಿಸುವುದು ದೊಡ್ಡ ತಪ್ಪು. ಹಳೆಯವು ಕೆಲಸ ಮಾಡುತ್ತಿಲ್ಲ ಎಂದಾದರೆ ಹೊಸದು ಒಂಟಿ ಜರಡಿಯಾಗುತ್ತದೆ, ಕೆಲವೇ ತಿಂಗಳಲ್ಲಿ ಅದೂ ಕೈತಪ್ಪುತ್ತದೆ. ಬದಲಿಸುವುದಾದರೆ, ಈ ರೋಗಾಣುವಿನ ಮೇಲೆ ಕೆಲಸ ಮಾಡುವುದು ಖಚಿತವಿರುವ ಹಲವು ಔಷಧಗಳಿಗೆ ಒಟ್ಟಿಗೇ ಬದಲಿಸಬೇಕು.

ಔಷಧದಿಂದ ತಪ್ಪಿಸಿಕೊಳ್ಳುವ ಬಗೆಗಳು

ಕೆಲವು ಬ್ಯಾಕ್ಟೀರಿಯಾಗಳು ನಿರೋಧಕ ಜೀನ್‌ಗಳನ್ನು ಒಂದಕ್ಕೊಂದು ದಾಟಿಸುತ್ತವೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಆ ವ್ಯವಹಾರವಿಲ್ಲ; ಅದರ ನಿರೋಧಕತೆಯೆಲ್ಲ ತನ್ನದೇ ಬರಹದ ತಪ್ಪುಗಳಿಂದ ಬಂದದ್ದು.

ರಿಫಾಂಪಿಸಿನ್ ಕೆಲಸ ಮಾಡುವುದು ಬೀಗದೊಳಗೆ ಸಿಕ್ಕಿಕೊಂಡ ಕೀಲಿಯಂತೆ. ಜೀನ್‌ಗಳ ಬರಹವನ್ನು ಓದಿ ಪ್ರತಿ ತೆಗೆಯುವ ಕಿಣ್ವವೊಂದರ ಸಂದಿಯಲ್ಲಿ ಅದು ಕೂತು ಆ ಕೆಲಸವನ್ನೇ ನಿಲ್ಲಿಸುತ್ತದೆ. ಆ ಕಿಣ್ವದ ಜೀನ್‌ನಲ್ಲಿ 81 ಅಕ್ಷರಗಳ ಒಂದು ಸಣ್ಣ ತುಂಡಿದೆ. ಅಲ್ಲಿ ತಪ್ಪಾದರೆ ಸಂದಿಯ ಆಕಾರ ಬದಲಾಗಿ ಕೀಲಿ ಕೂರುವುದಿಲ್ಲ. ರಿಫಾಂಪಿಸಿನ್ ನಿರೋಧಕತೆಯ ಬಹುಪಾಲು ಈ ಪುಟ್ಟ ತುಂಡಿನಲ್ಲಿಯೇ ಹುಟ್ಟುವುದು ರೋಗಪತ್ತೆಗೆ ಒಂದು ವರವಾಯಿತು.

ಐಸೋನಿಯಾಜಿಡ್‌ನ ಕಥೆ ಇನ್ನೂ ಕುತೂಹಲದ್ದು. ಅದು ರೋಗಾಣುವಿನೊಳಗೆ ಹೋಗುವಾಗ ಒರೆಯಲ್ಲಿರುವ ಕತ್ತಿಯಂತೆ ನಿರುಪದ್ರವಿ. ರೋಗಾಣುವಿನದೇ ಒಂದು ಕಿಣ್ವ ಅದನ್ನು ಒರೆಯಿಂದ ಹಿರಿಯುತ್ತದೆ. ಆಮೇಲೆ ಆ ಕತ್ತಿ ರೋಗಾಣುವಿನ ಹೊರಗೋಡೆಯ ಕಟ್ಟಣೆಯನ್ನು ಕಡಿಯುತ್ತದೆ. ಆ ಕಿಣ್ವ ಕೆಟ್ಟುಹೋದ ಬ್ಯಾಕ್ಟೀರಿಯಾದಲ್ಲಿ ಕತ್ತಿ ಒರೆಯಲ್ಲಿಯೇ ಉಳಿಯುತ್ತದೆ. ಪೈರಾಜಿನಮೈಡ್ ಎಂಬ ಇನ್ನೊಂದು ಔಷಧದ ನಿರೋಧಕತೆಯೂ ಬಹುಮಟ್ಟಿಗೆ ಇದೇ ಬಗೆಯದು.

ಆರು ತಿಂಗಳು ಏಕೆ

ಸಾಮಾನ್ಯ ಕ್ಷಯಕ್ಕೆ ಬಹುಕಾಲದಿಂದ ನಡೆದುಬಂದಿರುವ ಚಿಕಿತ್ಸೆ ಆರು ತಿಂಗಳದ್ದು: ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಎಂಬ ನಾಲ್ಕು, ಮುಂದಿನ ನಾಲ್ಕು ತಿಂಗಳು ಮೊದಲಿನ ಎರಡು. ಎರಡನೆಯ ತಿಂಗಳಿಗೆಲ್ಲ ಹೆಚ್ಚಿನವರಿಗೆ ಕೆಮ್ಮು, ಜ್ವರ ಇಳಿದಿರುತ್ತವೆ. ಗುಣವಾದ ಮೇಲೂ ಮಾತ್ರೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಈ ಬ್ಯಾಕ್ಟೀರಿಯಾದ ನಿಧಾನದಲ್ಲಿದೆ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ್ದು ಎರಡಾಗಲು ದಿನವೊಂದರ ಹತ್ತಿರ ತೆಗೆದುಕೊಳ್ಳುತ್ತದೆ. ಅವುಗಳಲ್ಲಿಯೂ ಕೆಲವು ವಾರಗಟ್ಟಲೆ ಬೆಳೆಯದೆ, ಒಡೆಯದೆ, ಮಲಗಿದಂತೆ ಇರುತ್ತವೆ. ಬಹಳಷ್ಟು ಔಷಧಗಳು ಚುರುಕಾಗಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಸುಲಭವಾಗಿ ಮಲಗಿದ್ದನ್ನು ಕೊಲ್ಲಲಾರವು. ಎದ್ದಾಗ ಹಿಡಿಯಲು ಕಾಯಬೇಕು.

ಈ ಮಲಗಿದವು ನಿರೋಧಕವಲ್ಲ ಎಂಬುದನ್ನು ಗಮನಿಸಬೇಕು. ಎದ್ದರೆ ಅದೇ ಔಷಧದಿಂದ ಸಾಯುತ್ತವೆ. ಚಿಕಿತ್ಸೆಯನ್ನು ಬೇಗ ನಿಲ್ಲಿಸಿದವರಲ್ಲಿ ಅನೇಕರಿಗೆ ಮರುಕಳಿಸುವುದು ಮೊದಲಿನಂಥದೇ, ಔಷಧಕ್ಕೆ ಬಗ್ಗುವ ಕ್ಷಯ. ನಿರೋಧಕತೆಯ ಅಪಾಯ ಹೆಚ್ಚುವುದು ಕೆಲವು ದಿನ ತೆಗೆದುಕೊಂಡು ಕೆಲವು ದಿನ ಬಿಟ್ಟಾಗ, ಒಂದು ಮಾತ್ರೆ ಹೊಟ್ಟೆಗೆ ಆಗದೆಂದು ಬಿಟ್ಟು ಇನ್ನೊಂದನ್ನೇ ಮುಂದುವರಿಸಿದಾಗ. ಔಷಧಗಳೆಲ್ಲ ಮೈಯಿಂದ ಒಂದೇ ವೇಗದಲ್ಲಿ ಹೊರಹೋಗುವುದಿಲ್ಲವಾದ್ದರಿಂದ ಪ್ರತಿ ಬಿಡುವಿನಲ್ಲಿಯೂ ಯಾವುದೋ ಒಂದು ಔಷಧ ಕೆಲವು ಹೊತ್ತು ಒಂಟಿಯಾಗಿ ಉಳಿಯುತ್ತದೆ.

ತಪ್ಪು ಯಾರದು ಎಂಬ ಪ್ರಶ್ನೆ

ನಿರೋಧಕ ಕ್ಷಯ ಎಂದೊಡನೆ ‘ಸರಿಯಾಗಿ ಮಾತ್ರೆ ನುಂಗಿರಲಿಕ್ಕಿಲ್ಲ’ ಎಂದು ರೋಗಿಯ ಕಡೆಗೆ ಬೆರಳು ತೋರಿಸುವುದು ರೂಢಿಯಾಗಿದೆ. ಇದು ಅನ್ಯಾಯ ಮಾತ್ರವಲ್ಲ, ವಾಸ್ತವಕ್ಕೂ ದೂರ. ಚಿಕಿತ್ಸೆಯ ನಡುವೆ ಒಬ್ಬರೊಳಗೇ ನಿರೋಧಕತೆ ಬೆಳೆಯುವುದು ಒಂದು ದಾರಿ. ಅದಕ್ಕೂ ಮಾತ್ರೆ ತಪ್ಪಿಸುವುದೊಂದೇ ಕಾರಣವಲ್ಲ: ಔಷಧದ ಸರಬರಾಜು ನಿಲ್ಲಬಹುದು, ಮಾತ್ರೆಯ ಗುಣಮಟ್ಟ ಕಳಪೆಯಿರಬಹುದು, ತೂಕಕ್ಕೆ ತಕ್ಕ ಡೋಸ್ ಬರೆದಿರದೆ ಇರಬಹುದು, ಕರುಳು ಔಷಧವನ್ನು ಸರಿಯಾಗಿ ಹೀರಿಕೊಳ್ಳದಿರಬಹುದು, ಕೆಲವರ ಯಕೃತ್ತು ಐಸೋನಿಯಾಜಿಡ್ ಅನ್ನು ಹುಟ್ಟಿನಿಂದಲೇ ಇತರರಿಗಿಂತ ಬೇಗ ಖಾಲಿ ಮಾಡಬಹುದು. ಇನ್ನೊಂದು ದಾರಿ, ಆಗಲೇ ನಿರೋಧಕವಾಗಿರುವ ರೋಗಾಣುವನ್ನು ಉಸಿರಿನ ಮೂಲಕ ಪಡೆಯುವುದು. ಜಗತ್ತಿನಲ್ಲಿ ಇಂದು ಕಾಣುವ ನಿರೋಧಕ ಕ್ಷಯದ ಹೆಚ್ಚಿನ ಪಾಲು ಈ ಎರಡನೆಯ ದಾರಿಯಿಂದ ಬಂದದ್ದು.

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಟುಗೆಲಾ ಫೆರಿ ಎಂಬ ಊರಿನ ವರದಿ 2006ರಲ್ಲಿ ಪ್ರಕಟವಾದಾಗ ಇದು ನೋವಿನ ರೀತಿಯಲ್ಲಿ ಕಣ್ಣಿಗೆ ಬಿತ್ತು. ಆಗ ಇದ್ದ ಔಷಧಗಳಲ್ಲಿ ಬಹುತೇಕಕ್ಕೆ ಬಗ್ಗದ ಕ್ಷಯ ಅಲ್ಲಿ 53 ಜನರಲ್ಲಿ ಪತ್ತೆಯಾಗಿತ್ತು. ಅವರಲ್ಲಿ 52 ಮಂದಿ ತೀರಿಕೊಂಡರು, ಅರ್ಧದಷ್ಟು ಜನ ಕಫ ಕೊಟ್ಟು ಸುಮಾರು 16 ದಿನಗಳೊಳಗೆ. ಪರೀಕ್ಷೆಯಾದವರೆಲ್ಲರಿಗೂ ಎಚ್‌ಐವಿ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆಂದೂ ಕ್ಷಯದ ಚಿಕಿತ್ಸೆ ಪಡೆದವರೇ ಅಲ್ಲ. ಅವರು ಯಾವ ಮಾತ್ರೆಯನ್ನೂ ತಪ್ಪಿಸಿರಲಿಲ್ಲ.

ವರದಿಯಲ್ಲಿನ ಪದಗಳು

ಕನಿಷ್ಠ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದಿದ್ದರೆ ಅದು ಎಂಡಿಆರ್, ಅಂದರೆ ಬಹು ಔಷಧ ನಿರೋಧಕ ಕ್ಷಯ. ರಿಫಾಂಪಿಸಿನ್ ಒಂದಕ್ಕೇ ಬಗ್ಗದಿದ್ದರೂ ಚಿಕಿತ್ಸೆ ಹೆಚ್ಚುಕಡಿಮೆ ಅದೇ ಆದ್ದರಿಂದ ಎರಡನ್ನೂ ಒಟ್ಟಿಗೆ ಎಣಿಸುತ್ತಾರೆ. ಇದರ ಜೊತೆಗೆ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಫ್ಲೂರೊಕ್ವಿನೊಲೋನ್ ಗುಂಪಿಗೂ ಬಗ್ಗದಿದ್ದರೆ ಪ್ರಿ-ಎಕ್ಸ್‌ಡಿಆರ್. ಅದರ ಮೇಲೆ ಬೆಡಾಕ್ವಿಲಿನ್ ಅಥವಾ ಲಿನೆಜೋಲಿಡ್‌ಗಳಲ್ಲಿ ಒಂದಕ್ಕಾದರೂ ಬಗ್ಗದಿದ್ದರೆ ಎಕ್ಸ್‌ಡಿಆರ್, ಅಂದರೆ ತೀವ್ರ ಔಷಧ ನಿರೋಧಕ ಕ್ಷಯ. ಕೊನೆಯ ಎರಡು ವ್ಯಾಖ್ಯೆಗಳು 2021ರಲ್ಲಿ ಬಂದವು. ಐಸೋನಿಯಾಜಿಡ್ ಒಂದಕ್ಕೆ ಮಾತ್ರ ಬಗ್ಗದ ಕ್ಷಯವೂ ಇದೆ. ಅದನ್ನು ಉಳಿದ ಮೂರು ಔಷಧಗಳ ಜೊತೆ ಲೆವೊಫ್ಲಾಕ್ಸಸಿನ್ ಸೇರಿಸಿ ಆರು ತಿಂಗಳಲ್ಲಿ ಗುಣಪಡಿಸುತ್ತಾರೆ.

ಪತ್ತೆ ಹೇಗೆ

ಸೂಕ್ಷ್ಮದರ್ಶಕದಲ್ಲಿ ನಿರೋಧಕ ಬ್ಯಾಕ್ಟೀರಿಯಾವೂ ಬಗ್ಗುವ ಬ್ಯಾಕ್ಟೀರಿಯಾವೂ ಒಂದೇ ತೆರನಾಗಿ ಕಾಣುತ್ತವೆ. ಹಳೆಯ ವಿಧಾನವೆಂದರೆ ಕಲ್ಚರ್: ಕಫದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಔಷಧ ಬೆರೆಸಿದ ಪೋಷಕದಲ್ಲಿಯೂ ಅದು ಬೆಳೆಯುತ್ತದೆಯೇ ಎಂದು ನೋಡುವುದು. ನಂಬಿಕೆಗೆ ಅರ್ಹವಾದ ಪರೀಕ್ಷೆ, ಆದರೆ ಬ್ಯಾಕ್ಟೀರಿಯಾದ ನಿಧಾನದಿಂದಾಗಿ ವಾರಗಳು, ಕೆಲವೊಮ್ಮೆ ಎರಡು ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ದಿನ ರೋಗಿ ನಾಟದ ಮಾತ್ರೆ ನುಂಗುತ್ತ, ಮನೆಯವರಿಗೆ ಸೋಂಕು ದಾಟಿಸುತ್ತ ಇರಬೇಕಾಗುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿದ ಎಕ್ಸ್‌ಪರ್ಟ್ ಎಂಬ ಯಂತ್ರ ಈ ಕಾಯುವಿಕೆಯನ್ನು ಸುಮಾರು ಎರಡು ಗಂಟೆಗೆ ಇಳಿಸಿತು. ಮೇಲೆ ಹೇಳಿದ 81 ಅಕ್ಷರಗಳ ತುಂಡನ್ನು ಅದು ನೇರವಾಗಿ ಪರಿಶೀಲಿಸುತ್ತದೆ; ವರದಿಯಲ್ಲಿ ರಿಫಾಂಪಿಸಿನ್ ಹೆಸರು ಮೊದಲು ಕಾಣುವುದಕ್ಕೆ ಇದು ಕಾರಣ. ಆದರೆ ಇಂಥ ಪರೀಕ್ಷೆ ತಾನು ಹುಡುಕಲು ಹೊರಟ ತಪ್ಪುಗಳನ್ನು ಮಾತ್ರ ಕಾಣಬಲ್ಲದು, ಆದ್ದರಿಂದ ಉಳಿದ ಔಷಧಗಳಿಗಾಗಿ ಬೇರೆ ಪರೀಕ್ಷೆಗಳು ಬೇಕು. ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯನ್ನೂ ಅದು ಗುರುತಿಸುವುದರಿಂದ, ಚಿಕಿತ್ಸೆಯ ನಡುವೆ ಗುಣವಾಗುತ್ತಿದೆಯೇ ಎಂದು ತಿಳಿಯಲು ಕಲ್ಚರ್ ಇಂದಿಗೂ ಬೇಕು.

ಚಿಕಿತ್ಸೆ ಬದಲಾದ ಬಗೆ

ಕೆಲವೇ ವರ್ಷಗಳ ಹಿಂದಿನವರೆಗೆ ಎಂಡಿಆರ್ ಕ್ಷಯದ ಚಿಕಿತ್ಸೆ ಒಂದೂವರೆಯಿಂದ ಎರಡು ವರ್ಷದ್ದಾಗಿತ್ತು. ರಿಫಾಂಪಿಸಿನ್ ಕೈತಪ್ಪಿದ ಮೇಲೆ ಉಳಿಯುತ್ತಿದ್ದವು ಹೆಚ್ಚಾಗಿ ದುರ್ಬಲ ಔಷಧಗಳು. ಅವನ್ನು ಸಾವಿರಾರು ಮಾತ್ರೆಗಳಷ್ಟು ನುಂಗಬೇಕಿತ್ತು. ಮೊದಲ ಆರೆಂಟು ತಿಂಗಳು ಕನಾಮೈಸಿನ್‌ನಂಥ ಇಂಜೆಕ್ಷನ್. ಅದು ಕಿವಿಯೊಳಗಿನ ಸೂಕ್ಷ್ಮ ಕೋಶಗಳನ್ನು ಸಾಯಿಸುತ್ತಿತ್ತು, ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಕ್ಷಯ ವಾಸಿಯಾಗಿ ಕಿವಿ ಶಾಶ್ವತವಾಗಿ ಕೇಳದಾದವರು ಅನೇಕರು. ಈ ಬೆಲೆಯನ್ನು ಅನಿವಾರ್ಯವೆಂದು ಅಷ್ಟು ವರ್ಷ ಒಪ್ಪಿಕೊಂಡಿದ್ದನ್ನು ನೆನೆದರೆ ಸಂಕಟವಾಗುತ್ತದೆ.

ಬದಲಾವಣೆ ತಂದದ್ದು ಬೆಡಾಕ್ವಿಲಿನ್. 2012ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧ, ಬ್ಯಾಕ್ಟೀರಿಯಾ ತನ್ನ ಶಕ್ತಿಯನ್ನು ತಯಾರಿಸಿಕೊಳ್ಳುವ ಯಂತ್ರವನ್ನೇ ನಿಲ್ಲಿಸುತ್ತದೆ. 2019ರಲ್ಲಿ ಪ್ರಿಟೋಮನಿಡ್ ಬಂತು. ಇವೆರಡರ ಜೊತೆ ಲಿನೆಜೋಲಿಡ್ ಸೇರಿಸಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಪ್ರಯೋಗದಲ್ಲಿ, ಅತಿ ಕಠಿಣ ಬಗೆಯ ನಿರೋಧಕ ಕ್ಷಯವಿದ್ದ 109 ಜನರಲ್ಲಿ ಶೇ 90ರಷ್ಟು ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಆರೇ ತಿಂಗಳದ್ದು. ಆದರೆ ಲಿನೆಜೋಲಿಡ್ ಪ್ರಮಾಣ ಹೆಚ್ಚಿದ್ದರಿಂದ ಶೇ 81ರಷ್ಟು ಜನರಿಗೆ ಕೈಕಾಲುಗಳ ನರಗಳಲ್ಲಿ ಜೋಮು, ಉರಿ ಕಾಣಿಸಿಕೊಂಡಿತು, ಅನೇಕರಿಗೆ ರಕ್ತಕಣಗಳು ಕಡಿಮೆಯಾದವು. ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರೂ ಚಿಕಿತ್ಸೆ ಫಲಿಸುತ್ತದೆ ಎಂದು ಮುಂದಿನ ಪ್ರಯೋಗ ತೋರಿಸಿತು. ಮಾಕ್ಸಿಫ್ಲಾಕ್ಸಸಿನ್ ಅನ್ನು ನಾಲ್ಕನೆಯದಾಗಿ ಸೇರಿಸಿ ಹಳೆಯ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಯಶಸ್ಸು ಶೇ 52ರಿಂದ 89ಕ್ಕೆ ಏರಿತು. ಈ ನಾಲ್ಕು ಔಷಧಗಳ ಆರು ತಿಂಗಳ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 14 ವರ್ಷ ದಾಟಿದವರಿಗೆ ಶಿಫಾರಸು ಮಾಡಿತು. ಇಂಜೆಕ್ಷನ್ ಇಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಕ್ಷಯ ಮೆದುಳಿಗೆ ಹಬ್ಬಿದವರಿಗೆ ಬೇರೆ ಔಷಧಗಳ ಜೋಡಣೆ ಬೇಕಾಗುತ್ತದೆ.

ಬೆಡಾಕ್ವಿಲಿನ್‌ಗೂ ನಿರೋಧಕತೆ ಕಾಣಿಸಿಕೊಂಡಿದೆ. ಬ್ಯಾಕ್ಟೀರಿಯಾದ ಹೊರಪದರದಲ್ಲಿ ಬೇಡದ್ದನ್ನು ಹೊರದಬ್ಬುವ ಪಂಪುಗಳಿವೆ. ಅವನ್ನು ಹಿಡಿತದಲ್ಲಿಡುವ ಜೀನ್ ಕೆಟ್ಟರೆ ಪಂಪು ಬಿಡದೆ ಓಡಿ ಔಷಧವನ್ನು ಹೊರಹಾಕುತ್ತದೆ. ಈ ಔಷಧದ ಇನ್ನೊಂದು ಗುಣ ಲೆಕ್ಕವನ್ನು ಮತ್ತಷ್ಟು ಸೂಕ್ಷ್ಮವಾಗಿಸುತ್ತದೆ. ಅದು ಮೈಯಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ, ಸೇವನೆ ನಿಂತ ಮೇಲೂ ತಿಂಗಳುಗಟ್ಟಲೆ ಅಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆ. ರೋಗಿ ನಡುವೆಯೇ ಎಲ್ಲ ಔಷಧಗಳನ್ನು ನಿಲ್ಲಿಸಿದರೆ ಪ್ರಿಟೋಮನಿಡ್, ಲಿನೆಜೋಲಿಡ್‌ಗಳು ಕೆಲವೇ ದಿನಗಳಲ್ಲಿ ಖಾಲಿಯಾಗುತ್ತವೆ. ಆಗ ಉಳಿಯುವುದು ಬೆಡಾಕ್ವಿಲಿನ್ ಎಂಬ ಒಂಟಿ ಜರಡಿ, 1948ರ ಸ್ಟ್ರೆಪ್ಟೊಮೈಸಿನ್‌ನಂತೆ.

ಜೊತೆಯಲ್ಲಿರುವವರು

ತಕ್ಕ ಔಷಧ ಶುರುವಾದ ಮೇಲೆ ನಿರೋಧಕ ಕ್ಷಯದವರಿಂದಲೂ ಸೋಂಕು ಹರಡುವುದು ಬೇಗ ಕಡಿಮೆಯಾಗುತ್ತದೆ. ಹೆಚ್ಚಿನ ಸೋಂಕು ದಾಟುವುದು ಪತ್ತೆಯಾಗುವ ಮೊದಲಿನ ದಿನಗಳಲ್ಲಿ, ಗಾಳಿಯಾಡದ ಕೋಣೆಗಳಲ್ಲಿ. ಹಾಗಾಗಿ ಒಬ್ಬರಿಗೆ ಎಂಡಿಆರ್ ಎಂದು ತಿಳಿದಾಗ ಅದೇ ಮನೆಯಲ್ಲಿ ಉಸಿರಾಡಿದವರೆಲ್ಲರ, ಮೊದಲಿಗೆ ಮಕ್ಕಳ, ತಪಾಸಣೆ ಆಗಬೇಕು. ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ, ಸೋಂಕು ಕಾಯಿಲೆಯಾಗಿ ಬೆಳೆಯದಂತೆ ತಡೆಯಲು ಲೆವೊಫ್ಲಾಕ್ಸಸಿನ್ ಅನ್ನು ಆರು ತಿಂಗಳು ದಿನವೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದೆ. ಇಲ್ಲಿ ಒಂದೇ ಔಷಧ ಸಾಕಾಗುವುದು ಏಕೆಂದರೆ ಕಾಯಿಲೆಯಾಗದ ಮೈಯಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ತೀರ ಕಡಿಮೆ. ನಿರೋಧಕವಾದದ್ದೊಂದು ಆಕಸ್ಮಿಕವಾಗಿ ಹುಟ್ಟಿಕೊಳ್ಳುವಷ್ಟು ದೊಡ್ಡ ಗುಂಪು ಅಲ್ಲಿರುವುದಿಲ್ಲ. ಮನೆಯ ಮೊದಲ ರೋಗಿಯ ರೋಗಾಣು ಫ್ಲೂರೊಕ್ವಿನೊಲೋನ್‌ಗಳಿಗೂ ಬಗ್ಗದ ಬಗೆಯದಾದರೆ ಈ ಮಾತ್ರೆ ಪ್ರಯೋಜನಕ್ಕೆ ಬರುವುದಿಲ್ಲ. ಆದ್ದರಿಂದ ಉಳಿದವರಿಗೆ ಏನು ಕೊಡಬೇಕು ಎಂಬುದನ್ನು ತೀರ್ಮಾನಿಸುವ ಮೊದಲು ವೈದ್ಯರು ನೋಡುವುದು ಆ ಮೊದಲ ರೋಗಿಯ ಪೂರ್ತಿ ವರದಿಯನ್ನು.